ಕುಂಬಳಕಾಯಿ ಕೇಳಿದ ಮೇಷ್ಟ್ರು ಮತ್ತು ನನ್ನ ಮಾಂತ್ರಿಕ

ನಾನು ವಿಲನ್‌ಗಳನ್ನು ತಯಾರು ಮಾಡ್ತೀನಿ. ಗಾಬರಿ ಬೇಡ, ಕಾಗದದ ಮೇಲೆ ಮಾತ್ರ.

ತಿಂಗಳಿಗೆ ಎರಡು ಶನಿವಾರ ಗೌರಿಬಿದನೂರಿನ ನಮ್ಮ ಮನೆ ಮಹಡಿ ಮೇಲೆ ನಾಲ್ಕು ಊರಿನವರು ಸೇರ್ತೀವಿ. ಚಿಕ್ಕಬಳ್ಳಾಪುರದಿಂದ ಲಾ ಓದುವ ಗೆಳತಿ ಬರ್ತಾಳೆ. ಚಿಂತಾಮಣಿಯವನ ಮನೆಯವರಿಗೆ ಟೊಮೆಟೊ ಮಂಡಿ ಇದೆ. ಆಟದ ನಡುವೆ ಫೋನ್ ತೆಗೆದು ಬಾಕ್ಸಿನ ರೇಟು ನೋಡೋದು ಅವನ ಚಟ. ಶಿಡ್ಲಘಟ್ಟದವಳ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚಣಿಕೆ ಕೆಲಸ. ನಾಲ್ಕನೆಯದು ನಾನು. ಕತೆ ನಡೆಸೋದು ನನ್ನ ಪಾಲಿಗೆ ಬಂದಿದೆ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದದ್ದು. ಒಬ್ಬರು ಒಂದು ಲೋಕ ಕಟ್ಟಿ ಕತೆ ನಡೆಸ್ತಾರೆ, ಉಳಿದವರು ಅದರೊಳಗಿನ ಪಾತ್ರಗಳಾಗ್ತಾರೆ. ಗೋಡೆ ಹತ್ತಬೇಕು, ಕತ್ತಿ ಬೀಸಬೇಕು, ಸುಳ್ಳು ಹೇಳಿ ಪಾರಾಗಬೇಕು ಅಂದಾಗ ಇಪ್ಪತ್ತು ಮುಖದ ದಾಳ ಉರುಳುತ್ತೆ. ಗೆಲುವು ಸೋಲಿಗಿಂತ ಮುಖ್ಯವಾದದ್ದು ಎದುರಾಳಿ. ಎದುರಾಳಿ ಸಪ್ಪೆಯಾದರೆ ತಿಂಗಳುಗಟ್ಟಲೆ ನಡೆಯಬೇಕಾದ ಕತೆ ಎರಡೇ ರಾತ್ರಿಗೆ ಮುಗಿಯುತ್ತೆ.

ನನ್ನ ಮೊದಲ ವಿಲನ್ ಹಾಗೇ ಸತ್ತ. ಕಪ್ಪು ಕೋಟೆ, ಸಾವಿರ ವರ್ಷದ ಆಯಸ್ಸು, ಬೆರಳು ಚಿಟಿಕೆ ಹೊಡೆದರೆ ಬೆಂಕಿಮಳೆ. ಏನೇನು ಶಕ್ತಿ ಕೊಡಬಹುದೋ ಎಲ್ಲ ಕೊಟ್ಟಿದ್ದೆ. ಒಂದು ಗಂಟೆಯಾಗುವಷ್ಟರಲ್ಲಿ ಚಿಂತಾಮಣಿಯವನು ಟೊಮೆಟೊ ರೇಟು ನೋಡ್ತಾ ಕೂತ. ಶಿಡ್ಲಘಟ್ಟದವಳು ಮಾತ್ರ ಒಂದು ಪ್ರಶ್ನೆ ಕೇಳಿದಳು: ಇವನಿಗೆ ಇಷ್ಟೆಲ್ಲ ಶಕ್ತಿ ಇದೆ ಸರಿ, ಆದರೆ ಜನ ಯಾಕೆ ಇವನ ಕೋಟೆ ಮುಂದೆ ಬಂದು ಕೈ ಮುಗೀತಾರೆ?

ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಹುಡುಕ್ತಾ ಹೊರಟವರಿಗೆ ಸಿಕ್ಕಿದ್ದು ನಮ್ಮ ತಾಲೂಕಿನ ಮೇಷ್ಟ್ರೊಬ್ಬರ ಬದುಕು. ಅವರು ದಾಳ ಉರುಳಿಸಿದವರಲ್ಲ, ಮಾಂತ್ರಿಕರ ಕತೆ ಬರೆದವರೂ ಅಲ್ಲ. ಆದರೆ ಮಾಯೆ ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನ ಅವರಷ್ಟು ಹತ್ತಿರದಿಂದ ನೋಡಿದವರು ಈ ಸೀಮೆಯಲ್ಲಿ ಕಡಿಮೆ. ಅವರು ಹೊಸೂರು ನರಸಿಂಹಯ್ಯ. ಕನ್ನಡ ನಾಡಿಗೆ ಎಚ್ಚೆನ್.

ಗಿಳಿಯೊಳಗಿನ ಪ್ರಾಣ

ಮೊದಲು ನಮ್ಮ ಕಡೆಯ ವಿಲನ್‌ಗಳ ಬಗ್ಗೆ ಎರಡು ಮಾತು. ನಮ್ಮದು ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಅನ್ನುವಂಥ ಗಡಿಸೀಮೆ. ಅಜ್ಜ ಅಜ್ಜಿಯರ ಕಾಲದ ದೊಡ್ಡ ವಿಲನ್ ಅಂದರೆ 1951ರ ಪಾತಾಳ ಭೈರವಿ ಸಿನಿಮಾದ ನೇಪಾಳ ಮಾಂತ್ರಿಕ, ಎಸ್.ವಿ. ರಂಗಾರಾವ್ ಮಾಡಿದ ಪಾತ್ರ. ಅದಕ್ಕೂ ಹಿಂದಿನದು ಅಜ್ಜಿಕತೆಯ ರಾಕ್ಷಸ. ಅವನನ್ನು ಎಷ್ಟು ಕಡಿದರೂ ಸಾಯಲ್ಲ, ಯಾಕಂದರೆ ಅವನ ಪ್ರಾಣ ಏಳು ಸಮುದ್ರದಾಚೆ ಒಂದು ಗಿಳಿಯೊಳಗೆ ಇರುತ್ತೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಲಿಚ್ ಅನ್ನುವ ಸತ್ತೂ ಸಾಯದ ಮಾಂತ್ರಿಕ ಇದ್ದಾನೆ. ಅವನೂ ತನ್ನ ಜೀವವನ್ನು ಒಂದು ಪೆಟ್ಟಿಗೆಯಲ್ಲಿ ಬಚ್ಚಿಟ್ಟಿರ್ತಾನೆ. ಎರಡೂ ಕತೆ ಹೇಳೋದು ಒಂದನ್ನೇ: ಶಕ್ತಿ ಮೈಯಲ್ಲಿಲ್ಲ, ಯಾರೂ ಹೋಗಿ ನೋಡಲಾಗದ ಜಾಗದಲ್ಲಿದೆ.

ಇನ್ನೊಬ್ಬ ಬಕಾಸುರ. ಅವನು ಇದ್ದದ್ದು ಚಿಂತಾಮಣಿ ತಾಲೂಕಿನ ಕೈವಾರದಲ್ಲಿ ಅಂತ ಸ್ಥಳಪುರಾಣ. ಕತೆಯ ಏಕಚಕ್ರನಗರ ಇದೇ, ಭೀಮ ಅವನನ್ನು ಕೊಂದದ್ದು ಇಲ್ಲೇ ಅಂತ ಬೆಟ್ಟ ತೋರಿಸ್ತಾರೆ. ದಿನಕ್ಕೊಂದು ಗಾಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯ, ಇದು ಊರು ಅವನಿಗೆ ಕೊಡ್ತಿದ್ದ ಕಂದಾಯ. ಚಿಕ್ಕವರಾಗಿದ್ದಾಗ ನಮಗೆ ಗಾಡಿ ಅನ್ನದ ಮೇಲೇ ಕಣ್ಣು. ದೊಡ್ಡವರಾದ ಮೇಲೆ ಓದಿದರೆ ಮಹಾಭಾರತದಲ್ಲಿ ಇನ್ನೊಂದು ಸಂಗತಿ ಇದೆ: ಹೊರಗಿನ ಶತ್ರುಗಳಿಂದ ಆ ಊರನ್ನು ಕಾಯುತ್ತಿದ್ದವನೂ ಅದೇ ಬಕ. ರಾಜ ಕೈಲಾಗದವನು, ಅವನ ಕೆಲಸ ಇವನು ಮಾಡ್ತಿದ್ದ. ಜನ ಸರದಿ ಮಾಡಿಕೊಂಡು ತಮ್ಮ ಮನೆಯವರನ್ನೇ ಕಳಿಸ್ತಿದ್ದರು. ಅಂದರೆ ಬಕಾಸುರನ ಬಲ ಅವನ ಹೊಟ್ಟೆಯಲ್ಲಿರಲಿಲ್ಲ, ಊರಿನವರೇ ಬರೆದು ಇಟ್ಟುಕೊಂಡಿದ್ದ ಆ ಸರದಿ ಪಟ್ಟಿಯಲ್ಲಿತ್ತು.

ಈ ಎರಡು ಎಳೆ ಕೈಯಲ್ಲಿ ಹಿಡಿದುಕೊಂಡು ಎಚ್ಚೆನ್ ಹತ್ತಿರ ಹೋಗೋಣ.

ನಡೆದು ಹೋದ ಹುಡುಗ

ನರಸಿಂಹಯ್ಯ ಹುಟ್ಟಿದ್ದು 1920ರ ಜೂನ್ 6ರಂದು, ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ. ಆಗ ನಮ್ಮದು ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಜಿಲ್ಲೆಯಾಗಿದ್ದು 2007ರಲ್ಲಿ. ಬಡ, ಹಿಂದುಳಿದ ಕುಟುಂಬ. ಊರಲ್ಲಿ ಹೈಸ್ಕೂಲ್ ಇರಲಿಲ್ಲ. ಹೊಸೂರಿನಲ್ಲಿ ಹೆಡ್‌ಮಾಸ್ಟರ್ ಆಗಿದ್ದ ಎಂ.ಎಸ್. ನಾರಾಯಣರಾವ್ ಬೆಂಗಳೂರಿಗೆ ಹೋದ ಮೇಲೆ ಈ ಹುಡುಗನಿಗೂ ಬರೋಕೆ ಹೇಳಿ ಕಳಿಸಿದರು. ರೈಲಿಗೆ ಕೊಡೋಕೆ ದುಡ್ಡಿಲ್ಲ. 1935ರಲ್ಲಿ ಹುಡುಗ 80 ಕಿಲೋಮೀಟರಿಗೂ ಹೆಚ್ಚು ದೂರವನ್ನು ಎರಡು ದಿನ ನಡೆದು ಬೆಂಗಳೂರು ಸೇರಿದ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿಕೊಂಡ. ಇರೋಕೆ ಬಡ ವಿದ್ಯಾರ್ಥಿಗಳ ನಿಲಯ.

ಮರುವರ್ಷ, 1936ರಲ್ಲಿ, ಗಾಂಧೀಜಿ ನಂದಿಬೆಟ್ಟದಲ್ಲಿ ಉಳಿದರು, ಬೆಂಗಳೂರಿಗೂ ಬಂದರು. ನ್ಯಾಷನಲ್ ಹೈಸ್ಕೂಲಿನಲ್ಲಿ ಅವರು ಹಿಂದಿಯಲ್ಲಿ ಆಡಿದ ಮಾತನ್ನು ಕನ್ನಡಕ್ಕೆ ಹೇಳಿದ್ದು ಇದೇ ಹೊಸೂರಿನ ಹುಡುಗ. ಒಂದು ವರ್ಷದ ಹಿಂದೆ ರೈಲಿಗೆ ದುಡ್ಡಿಲ್ಲದವನು ಇವತ್ತು ಗಾಂಧಿಯ ಪಕ್ಕ ನಿಂತಿದ್ದಾನೆ. ಖಾದಿ ಬಟ್ಟೆ, ಗಾಂಧಿ ಟೋಪಿ ಅವರ ಮೈಮೇಲೆ ಕೊನೆವರೆಗೂ ಉಳಿದವು.

1938ರ ಏಪ್ರಿಲ್ 25ರಂದು ಅವರ ತಾಲೂಕಿನಲ್ಲೇ, ವಿದುರಾಶ್ವತ್ಥದಲ್ಲಿ, ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸಾವಿರಾರು ನಾಗರಕಲ್ಲುಗಳಿರುವ, ಹರಕೆ ಹೊತ್ತವರು ಬರುವ ಊರು ಅದು. ಅಲ್ಲಿಗೆ ಅವತ್ತು ಜನ ಬಂದದ್ದು ಬಾವುಟ ಹಾರಿಸೋಕೆ, ಮನೆಗೆ ವಾಪಸ್ ಹೋಗಿದ್ದು ಹೆಣಗಳು. ನರಸಿಂಹಯ್ಯನವರಿಗೆ ಆಗ ಇನ್ನೂ 18 ತುಂಬಿರಲಿಲ್ಲ. 1942ರಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದ್ತಿದ್ದಾಗ ಕ್ವಿಟ್ ಇಂಡಿಯಾ ಚಳವಳಿ ಬಂತು. ಓದು ನಿಲ್ಲಿಸಿ ಧುಮುಕಿದರು. ಬೆಂಗಳೂರು, ಮೈಸೂರು, ಯರವಡಾ ಜೈಲುಗಳನ್ನು ನೋಡಿ ಬಂದರು. ಆಮೇಲೆ ವಾಪಸ್ ಬಂದು ಓದು ಮುಗಿಸಿ 1946ರಲ್ಲಿ ನ್ಯಾಷನಲ್ ಕಾಲೇಜಿಗೆ ಮೇಷ್ಟ್ರಾಗಿ ಸೇರಿಕೊಂಡರು. ಅಮೆರಿಕದ ಓಹಾಯೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದು 1960ರಲ್ಲಿ.

ಅಲ್ಲೇ ಉಳಿದುಬಿಡಬಹುದಿತ್ತು. ವಾಪಸ್ ಬಂದರು. ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ವಿಜ್ಞಾನದ ಮಾತು ಕೇಳೋಕೆ ಯಾರು ಬೇಕಾದರೂ ಬರಬಹುದು, ಟಿಕೆಟ್ಟಿಲ್ಲ, ಡಿಗ್ರಿ ಕೇಳೋರಿಲ್ಲ. ಮದುವೆಯಾಗಲಿಲ್ಲ. ಕಾಲೇಜಿನ ಹಾಸ್ಟೆಲಿನ ಒಂದು ರೂಮೇ ಮನೆ. 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ನಡೆದು ಬಂದ ಹುಡುಗ ವೈಸ್ ಚಾನ್ಸಲರ್ ಆಗಿದ್ದು ಒಳ್ಳೆ ಕತೆ. ಅಷ್ಟಕ್ಕೇ ನಿಂತಿದ್ದರೆ ಅದು ಪಠ್ಯಪುಸ್ತಕದ ಪಾಠವಾಗಿ ಮುಗಿದುಹೋಗುತ್ತಿತ್ತು.

1976

ಈ ಇಸವಿಯನ್ನು ನೆನಪಿಟ್ಟುಕೊಳ್ಳಿ. ದೇಶದಲ್ಲಿ ತುರ್ತು ಪರಿಸ್ಥಿತಿ. ವಿರೋಧ ಪಕ್ಷದವರು ಜೈಲಿನಲ್ಲಿ, ಪತ್ರಿಕೆಗಳ ಮೇಲೆ ಸೆನ್ಸಾರ್. ಅದೇ ವರ್ಷ ಸಂಸತ್ತು 42ನೇ ತಿದ್ದುಪಡಿ ಮಾಡಿತು. ಕೋರ್ಟುಗಳ ಕೈ ಕಟ್ಟಿದ ತಿದ್ದುಪಡಿ ಅದು. ಅದರೊಳಗೇ ಮೂಲಭೂತ ಕರ್ತವ್ಯಗಳ ಪಟ್ಟಿಯೂ ಬಂತು, ಆ ಪಟ್ಟಿಯಲ್ಲಿ ವೈಜ್ಞಾನಿಕ ಮನೋಭಾವ ಮತ್ತು ಪ್ರಶ್ನಿಸುವ ಗುಣವನ್ನು ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಕರ್ತವ್ಯ ಅನ್ನೋದೂ ಸೇರಿತು. ಪ್ರಶ್ನೆ ಕೇಳಿದವರನ್ನು ಒಳಗೆ ಹಾಕಿ, ಪ್ರಶ್ನೆ ಕೇಳಿ ಅಂತ ಸಂವಿಧಾನದಲ್ಲಿ ಬರೆದ ವರ್ಷ ಅದು. ಇಂಥ ವಿಲನ್ ಐಡಿಯಾ ನನಗಂತೂ ಯಾವತ್ತೂ ಹೊಳೆದಿಲ್ಲ.

ಅದೇ ವರ್ಷದ ಏಪ್ರಿಲ್‌ನಲ್ಲಿ ಕುಲಪತಿ ನರಸಿಂಹಯ್ಯ ಒಂದು ಸಮಿತಿ ಮಾಡಿದರು. ಪವಾಡಗಳನ್ನೂ ಪರೀಕ್ಷಿಸಲು ಸಾಧ್ಯವಿರುವ ಇತರ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ತನಿಖೆ ಮಾಡುವುದು ಅದರ ಕೆಲಸ. ಪರೀಕ್ಷಿಸಲು ಸಾಧ್ಯವಿರುವ ಅನ್ನೋ ಮಾತು ಗಮನಿಸಿ. ದೇವರಿದ್ದಾನೋ ಇಲ್ಲವೋ ಅನ್ನೋ ಜಗಳಕ್ಕೆ ಅವರು ಹೋಗಲಿಲ್ಲ. ಬರಿಗೈಯಿಂದ ವಸ್ತು ಬಂತು ಅಂತೀರಾ? ಹಾಗಾದರೆ ಅದು ಭೌತಶಾಸ್ತ್ರದ ವಿಷಯ, ಭೌತಶಾಸ್ತ್ರದ ಮೇಷ್ಟ್ರು ಬಂದು ನೋಡಬಹುದು, ಇಷ್ಟೇ ಅವರ ನಿಲುವು.

ನಮ್ಮ ಸೀಮೆಯಿಂದ ಗಡಿ ದಾಟಿದರೆ ಪುಟ್ಟಪರ್ತಿ. ಸತ್ಯ ಸಾಯಿಬಾಬಾ ಆಗ ಕೀರ್ತಿಯ ತುತ್ತತುದಿಯಲ್ಲಿದ್ದರು. ಬರಿಗೈಯಿಂದ ವಿಭೂತಿ, ಉಂಗುರ, ಗಡಿಯಾರ ಸೃಷ್ಟಿಸಿ ಕೊಡುತ್ತಾರೆ ಅಂತ ಭಕ್ತರ ನಂಬಿಕೆ. ಮಂತ್ರಿಗಳು, ನ್ಯಾಯಮೂರ್ತಿಗಳು, ವಿಜ್ಞಾನಿಗಳೂ ಭಕ್ತರ ಸಾಲಿನಲ್ಲಿದ್ದರು. ಎಚ್ಚೆನ್ ಅವರಿಗೆ ಮೂರು ಪತ್ರ ಬರೆದರು. ನಾವು ಹೇಳುವ ಷರತ್ತುಗಳ ಅಡಿಯಲ್ಲಿ, ನಮ್ಮ ಸಮಿತಿ ಎದುರು, ಪವಾಡ ಮಾಡಿ ತೋರಿಸಿ ಅನ್ನೋದು ಕೋರಿಕೆ. ಉತ್ತರ ಬರಲಿಲ್ಲ. ವಿಜ್ಞಾನ ಇಂದ್ರಿಯಗಳ ಎಲ್ಲೆಯೊಳಗಿನದು, ಅಧ್ಯಾತ್ಮ ಅದರಾಚೆಗಿನದು, ಕೇಳಿದ ರೀತಿಯೇ ಸರಿಯಿಲ್ಲ ಅನ್ನೋದು ಬಾಬಾ ಅವರ ನಿಲುವಾಗಿತ್ತು. ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ವಾದ ನಡೆಯಿತು.

ಜನರ ನೆನಪಿನಲ್ಲಿ ಉಳಿದದ್ದು ಮಾತ್ರ ಕುಂಬಳಕಾಯಿ. ಉಂಗುರ, ವಿಭೂತಿ ಯಾಕೆ, ಒಂದು ಕುಂಬಳಕಾಯಿ ಸೃಷ್ಟಿಸಿ ಅಂತ ಎಚ್ಚೆನ್ ಕೇಳಿದರು. ಕೇಳೋಕೆ ತಮಾಷೆ, ಒಳಗೆ ಕರಾರುವಾಕ್ಕಾದ ಪ್ರಯೋಗ ವಿನ್ಯಾಸ ಇದೆ. ಶೂನ್ಯದಿಂದ ವಸ್ತು ತರುವ ಶಕ್ತಿ ನಿಜವಿದ್ದರೆ ಅದಕ್ಕೆ ಉಂಗುರವೂ ಒಂದೇ, ಕುಂಬಳಕಾಯಿಯೂ ಒಂದೇ. ಕೈಚಳಕಕ್ಕೆ ಮಾತ್ರ ಎರಡೂ ಒಂದೇ ಅಲ್ಲ. ತೋಳಿನೊಳಗೆ ಉಂಗುರ ಅಡಗುತ್ತೆ, ಕುಂಬಳಕಾಯಿ ಅಡಗಲ್ಲ. ಒಂದೇ ತರಕಾರಿಯಿಂದ ಎರಡು ಸಾಧ್ಯತೆಗಳನ್ನು ಬೇರೆ ಮಾಡಿ ತೋರಿಸಿದರು.

ಇದನ್ನು ಓದಿದ ರಾತ್ರಿ ನಾನು ನನ್ನ ಮಾಂತ್ರಿಕನ ಹಾಳೆ ಹರಿದು ಹಾಕಿದೆ. ಅಲ್ಲಿವರೆಗೂ ನಾನು ಅವನು ಏನೇನು ಮಾಡಬಲ್ಲ ಅಂತ ಬರೀತಿದ್ದೆ. ಬರೀಬೇಕಾಗಿದ್ದು ಅವನು ಯಾವ ಷರತ್ತಿನಲ್ಲಿ ಮಾತ್ರ ಮಾಡಬಲ್ಲ, ಆ ಷರತ್ತನ್ನು ಯಾರೂ ನೋಡದ ಹಾಗೆ ಹೇಗೆ ಕಾಯ್ದುಕೊಳ್ತಾನೆ ಅನ್ನೋದನ್ನ. ಹೊಸ ಮಾಂತ್ರಿಕ ಬೆಂಕಿಮಳೆ ಸುರಿಸಲ್ಲ. ಬರಗಾಲದ ಊರಿಗೆ ಬಂದು ಮಳೆ ತರಿಸ್ತಾನೆ. ಯಾವತ್ತು ಅಂತ ಅವನೇ ಹೇಳ್ತಾನೆ, ಎಲ್ಲಿ ಅಂತ ಅವನೇ ಹೇಳ್ತಾನೆ, ಬಾರದಿದ್ದರೆ ಯಾರ ನಂಬಿಕೆ ಕಡಿಮೆಯಾಯಿತು ಅಂತಲೂ ಅವನೇ ಹೇಳ್ತಾನೆ.

ಈ ಮೂರನೆಯದು ನಿಜವಾದ ಮಾಯೆ. ನಮ್ಮ ಬೀದಿಯಲ್ಲೇ ನೋಡಿದ್ದೀನಿ. ನಾನು ಹೈಸ್ಕೂಲಿನಲ್ಲಿದ್ದಾಗ ಪಕ್ಕದ ಮನೆ ಅಜ್ಜಿಗೆ ಹೊಲದಲ್ಲಿ ಹಾವು ಕಚ್ಚಿತು. ಮೊದಲು ಕರೆದುಕೊಂಡು ಹೋಗಿದ್ದು ಮಂತ್ರ ಹಾಕುವವರ ಹತ್ತಿರ. ಅವರ ಹತ್ತಿರ ಹೋದವರಲ್ಲಿ ಹೆಚ್ಚಿನವರು ಬದುಕಿ ಬಂದಿದ್ದರು, ಅದು ಸುಳ್ಳಲ್ಲ. ನಮ್ಮ ಹೊಲಗಳಲ್ಲಿ ಓಡಾಡುವ ಕೇರೆಹಾವಿನಂಥವಕ್ಕೆ ವಿಷವೇ ಇಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಕಚ್ಚಿದಾಗಲೂ ಪ್ರತಿ ಸಲ ವಿಷ ಇಳಿಯುತ್ತೆ ಅಂತಿಲ್ಲ. ಹಾಗಾಗಿ ಮಂತ್ರಕ್ಕೆ ಗೆಲುವು ಬಿಟ್ಟಿ ಸಿಗುತ್ತೆ. ವಿಷ ಇಳಿದವರು ಸತ್ತರೆ ತಡವಾಗಿ ಕರೆದುಕೊಂಡು ಬಂದಿರಿ ಅನ್ನೋ ಮಾತು ತಯಾರಿರುತ್ತೆ. ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಅವರ ಮಗ ಇವತ್ತಿಗೂ ತನ್ನನ್ನೇ ಬೈದುಕೊಳ್ತಾನೆ. ಮಂತ್ರದವರನ್ನ ಅಲ್ಲ, ತನ್ನನ್ನ. ಸೋತಾಗ ಸೋತವರ ಮೇಲೇ ತಪ್ಪು ಹೊರಿಸಿ ಇನ್ನಷ್ಟು ಗಟ್ಟಿಯಾಗುವ ಮಾಯೆ, ಇದಕ್ಕಿಂತ ದೊಡ್ಡ ಶಕ್ತಿಯನ್ನು ಯಾವ ರೂಲ್‌ಬುಕ್ಕಿನಲ್ಲೂ ನಾನು ನೋಡಿಲ್ಲ.

ಪಾಂಡವಪುರದ ಹುಡುಗ

ಎಚ್ಚೆನ್ ಸಮಿತಿಗೆ ಒಂದು ಸ್ಪಷ್ಟ ಗೆಲುವು ಸಿಕ್ಕಿತು. ಪಾಂಡವಪುರದಲ್ಲಿ ಏಳು ವರ್ಷದ ಆಸುಪಾಸಿನ ಒಬ್ಬ ಹುಡುಗ ಮೈಯಿಂದ ವಿಭೂತಿ ಉದುರಿಸ್ತಾನೆ ಅಂತ ಸುದ್ದಿಯಾಗಿತ್ತು. ಜನ ಸಾಲುಗಟ್ಟಿದ್ದರು. 1976ರಲ್ಲೇ ಸಮಿತಿಯವರು ಅಲ್ಲಿಗೆ ಹೋದರು. ಹುಡುಗನ ಅಂಗಿಯೊಳಗೆ ಮೊದಲೇ ಬಚ್ಚಿಟ್ಟಿದ್ದ ವಿಭೂತಿ ಸಿಕ್ಕಿತು. ಪವಾಡ ಅಲ್ಲಿಗೆ ಮುಗಿಯಿತು.

ಮೊದಲ ಸಲ ಓದಿದಾಗ ಖುಷಿಯಾಗಿತ್ತು. ಎರಡನೇ ಸಲ ಓದಿದಾಗ ಹೊಟ್ಟೆ ತೊಳಸಿತು. ಏಳು ವರ್ಷದ ಮಗುವಿನ ಅಂಗಿಯೊಳಗೆ ವಿಭೂತಿ ಇಡುವವರು ದೊಡ್ಡವರೇ ಅಲ್ವಾ? ಸಿಕ್ಕಿಬಿದ್ದಾಗ ಎಲ್ಲರ ಎದುರು ಅಂಗಿ ಬಿಚ್ಚಿಸಿಕೊಂಡದ್ದು ಮಾತ್ರ ಆ ಮಗು. ಸಮಿತಿ ಹೋಗಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಹೋಗದಿದ್ದರೆ ಆ ಮಗುವಿನ ಬಾಲ್ಯವೇ ಆ ಅಂಗಿಯೊಳಗೆ ಕಳೆದುಹೋಗುತ್ತಿತ್ತು. ಆದರೆ ಪವಾಡ ಬಯಲು ಮಾಡುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಪರದೆ ಎಳೆದಾಗ ಯಾರು ಕಾಣಿಸ್ತಾರೆ, ಯಾರು ಕತ್ತಲಲ್ಲೇ ಉಳೀತಾರೆ?

ಇದನ್ನು ನಾನು ಆಟಕ್ಕೆ ತಂದೆ. ಮಳೆ ತರಿಸುವ ಮಾಂತ್ರಿಕನ ಗುಡಿಯಲ್ಲಿ ಒಬ್ಬ ಹುಡುಗಿ, ಅವಳ ಅಂಗೈಯಿಂದ ನೀರು ಒಸರುತ್ತೆ. ನನ್ನ ಆಟಗಾರರು ಜಾಣರು, ಎರಡೇ ಗಂಟೆಯಲ್ಲಿ ಅವಳ ತೋಳಿಗೆ ಕಟ್ಟಿದ್ದ ಚರ್ಮದ ಚೀಲ ಹುಡುಕಿ ಸಂತೆಯ ನಡುವೆ ಎತ್ತಿ ತೋರಿಸಿದರು. ಗೆದ್ದೆವು ಅಂತ ಕೇಕೆ ಹಾಕಿದರು. ಸಂತೆಯ ಜನ ಆ ಹುಡುಗಿಗೆ ಕಲ್ಲು ತೂರಿದರು. ಮಾಂತ್ರಿಕ ಮರುದಿನ ಬಂದು, ಇವಳು ನನ್ನ ಹೆಸರು ಕೆಡಿಸಿದಳು ಅಂತ ಅವಳನ್ನು ಹೊರಗೆ ಹಾಕಿದ, ಭಕ್ತರು ಅವನ ನ್ಯಾಯಬುದ್ಧಿ ಮೆಚ್ಚಿ ಮತ್ತೆ ಕೈಮುಗಿದರು. ಮಹಡಿ ಮೇಲೆ ಐದು ನಿಮಿಷ ಯಾರೂ ಮಾತಾಡಲಿಲ್ಲ. ಚಿಂತಾಮಣಿಯವನು ಅವತ್ತು ಟೊಮೆಟೊ ರೇಟು ನೋಡಲಿಲ್ಲ.

ಶಿಡ್ಲಘಟ್ಟದವಳು ಆಮೇಲೆ ಮೆಲ್ಲಗೆ ಹೇಳಿದ್ದು ಇದು. ಗೂಡನ್ನು ಕತ್ತರಿಸಿದರೆ ನೂಲು ಹಾಳು. ಬಿಸಿನೀರಿಗೆ ಹಾಕಿ, ಎಳೆಯ ತುದಿ ಹುಡುಕಿ, ತಾಳ್ಮೆಯಿಂದ ಬಿಚ್ಚಬೇಕು. ಆಗ ಇಡೀ ಗೂಡೇ ಒಂದು ಎಳೆಯಾಗಿ ಬರುತ್ತೆ. ಚೀಲ ಹಿಡಿದಿದ್ದು ಗೂಡು ಕತ್ತರಿಸಿದ ಹಾಗೆ ಆಯಿತು.

ಸೋತ ಮೇಲೆ ಮಾಡಿದ್ದು

ಎಚ್ಚೆನ್ ಕತೆಯನ್ನು ಗೆದ್ದ ವೀರನ ಕತೆಯಾಗಿ ಹೇಳೋದು ಸುಲಭ. ಅದು ಪೂರ್ತಿ ನಿಜವಲ್ಲ. ಸಮಿತಿ 1977ರ ಆಗಸ್ಟ್‌ನಲ್ಲಿ ವಿಸರ್ಜನೆಯಾಯಿತು. ಅದೇ ವರ್ಷ ಅವರು ಕುಲಪತಿ ಹುದ್ದೆಯಿಂದಲೂ ಇಳಿದರು. ಪತ್ರಗಳಿಗೆ ಉತ್ತರ ಬಾರದಿದ್ದುದನ್ನು ಅವರು ಪವಾಡ ನಿಜವಲ್ಲ ಅನ್ನೋದಕ್ಕೆ ಒಂದು ಸೂಚನೆಯಾಗಿ ಕಂಡರು, ಆದರೆ ಭಕ್ತರ ಸಾಲು ಕರಗಲಿಲ್ಲ, ಬೆಳೆಯಿತು.

ಇದು ನಮ್ಮ ದೇಶದ ಕತೆ ಮಾತ್ರ ಅಲ್ಲ. ಮನೋಬಲದಿಂದ ಚಮಚ ಬಗ್ಗಿಸ್ತೀನಿ ಅಂತಿದ್ದ ಯೂರಿ ಗೆಲ್ಲರ್ 1973ರಲ್ಲಿ ಅಮೆರಿಕದ ಟಿವಿ ಶೋ ಒಂದಕ್ಕೆ ಬಂದರು. ನಡೆಸುವವರು ಜಾದೂಗಾರ ಜೇಮ್ಸ್ ರ‍್ಯಾಂಡಿಯ ಸಲಹೆ ಕೇಳಿ, ವಸ್ತುಗಳನ್ನು ತಾವೇ ಇಟ್ಟಿದ್ದರು. ಅವತ್ತು ಏನೂ ಆಗಲಿಲ್ಲ. ಆದರೂ ಗೆಲ್ಲರ್ ಹೆಸರು ಆಮೇಲೂ ಬೆಳೀತಾನೇ ಹೋಯಿತು. ಇಂಥ ದಾವೆಗಳನ್ನು ಪರೀಕ್ಷಿಸೋಕೆ ಅಮೆರಿಕದಲ್ಲಿ ವಿಜ್ಞಾನಿಗಳು, ಜಾದೂಗಾರರು ಸೇರಿ ಒಂದು ಸಮಿತಿ ಕಟ್ಟಿದ್ದೂ 1976ರಲ್ಲೇ, ಬೆಂಗಳೂರಿನ ಸಮಿತಿ ಹುಟ್ಟಿದ ವರ್ಷವೇ.

ಯಾಕೆ ಹೀಗೆ? ಬಕಾಸುರನ ಹತ್ತಿರ ವಾಪಸ್ ಹೋಗಿ. ಅವನು ಊರು ಕಾಯ್ತಿದ್ದ. ಪುಟ್ಟಪರ್ತಿಯ ಟ್ರಸ್ಟ್ ಆಸ್ಪತ್ರೆ ಕಟ್ಟಿತು, ಅನಂತಪುರ ಜಿಲ್ಲೆಯ ಒಣ ಊರುಗಳಿಗೆ ಕುಡಿಯುವ ನೀರು ಕೊಟ್ಟಿತು. ಬಾಬಾ ಅವರನ್ನು ನಾನು ರಾಕ್ಷಸನಿಗೆ ಹೋಲಿಸ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ನಾನು ಹೇಳ್ತಿರೋದು ಕೈಲಾಗದ ರಾಜನ ಬಗ್ಗೆ. ಸರ್ಕಾರ ನೀರು ಕೊಡದ ಕಡೆ ನೀರು ಕೊಟ್ಟವರನ್ನು ಜನ ಕುಂಬಳಕಾಯಿ ಕೇಳಲ್ಲ. ಪವಾಡಕ್ಕೆ ಜನ ಮರುಳಾಗ್ತಾರೆ ಅಂತ ನಗುವ ಮೊದಲು, ಅವರ ಮುಂದೆ ಬೇರೆ ಯಾವ ಬಾಗಿಲು ತೆರೆದಿತ್ತು ಅಂತ ನೋಡಬೇಕು.

ಎಚ್ಚೆನ್‌ಗೆ ಇದು ಗೊತ್ತಿತ್ತು ಅಂತ ನನಗನ್ನಿಸೋದು ಅವರ ಉಳಿದ ಕೆಲಸ ನೋಡಿ. ಅವರು ಪತ್ರ ಬರೆದು ಸುಮ್ಮನೆ ಕೂತವರಲ್ಲ. ನ್ಯಾಷನಲ್ ಎಜುಕೇಶನ್ ಸೊಸೈಟಿಯ ಮೂಲಕ ಹೊಸೂರು, ಗೌರಿಬಿದನೂರು, ಬಾಗೇಪಲ್ಲಿಯಂಥ ಕಡೆ ಶಾಲೆ ಕಾಲೇಜುಗಳಿಗಾಗಿ ದುಡಿದರು. ತಾವು ಎರಡು ದಿನ ನಡೆದ ದಾರಿಯನ್ನು ಮುಂದಿನವರು ನಡೆಯಬೇಕಾಗಿ ಬರಬಾರದು ಅನ್ನೋ ಹಾಗೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಂಗೀತ, ನೃತ್ಯ, ನಾಟಕದ ವಿಭಾಗ ಶುರುವಾಗಿದ್ದೂ ಅವರ ಕಾಲದಲ್ಲೇ. ಪವಾಡ ಒಪ್ಪದ ಮನುಷ್ಯನಿಗೆ ನಾಟಕ ಯಾಕೆ ಬೇಕಿತ್ತು ಅಂದರೆ, ರಂಗದ ಮೇಲಿನ ಮಾಯೆ ತಾನು ಮಾಯೆ ಅಂತ ಮೊದಲೇ ಹೇಳಿಬಿಡುತ್ತೆ. ಜಾದೂಗಾರನೂ ಹಾಗೇ. ನಾವು ದಾಳ ಹಿಡಿದು ಕೂರೋದೂ ಹಾಗೇ. ಮೋಸ ಶುರುವಾಗೋದು ಆಟವನ್ನು ಆಟ ಅಂತ ಹೇಳೋದು ನಿಲ್ಲಿಸಿದ ಮೇಲೆ.

1984ರಲ್ಲಿ ಪದ್ಮಭೂಷಣ ಬಂತು. ವಿಧಾನ ಪರಿಷತ್ತಿಗೂ ಹೋದರು. ಹೋರಾಟದ ಹಾದಿ ಅಂತ ಆತ್ಮಕತೆ ಬರೆದರು. ರೂಮು ಮಾತ್ರ ಅದೇ ಹಾಸ್ಟೆಲ್ ರೂಮು. ಐವತ್ತು ವರ್ಷಕ್ಕೂ ಮೀರಿ ಅಲ್ಲೇ ಇದ್ದು 2005ರ ಜನವರಿ 31ರಂದು ತೀರಿಕೊಂಡರು. ಅವರು ಹೋದಾಗ ನಾನಿನ್ನೂ ಮಗು. ಅವರ ಮುಖ ನೋಡಿದ್ದು ಫೋಟೊದಲ್ಲಿ ಮಾತ್ರ.

ಈಗ ಪ್ರಶ್ನೆ ಕೇಳೋದಕ್ಕೆ ಬೆಲೆ ಎಷ್ಟು?

ಎಚ್ಚೆನ್‌ಗೆ ಉತ್ತರ ಸಿಗಲಿಲ್ಲ, ಟೀಕೆ ಸಿಕ್ಕಿತು, ಆದರೆ ಅವರು 84 ವರ್ಷ ಬದುಕಿದರು. ಅವರು ಹೋದ ಮೇಲಿನ ಕಾಲ ಬೇರೆ. 2013ರಲ್ಲಿ ಪುಣೆಯಲ್ಲಿ ನರೇಂದ್ರ ದಾಭೋಲ್ಕರ್ ಹತ್ಯೆಯಾಯಿತು. 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್. ಕರ್ನಾಟಕದ ಮೂಢನಂಬಿಕೆ ವಿರೋಧಿ ಕಾಯ್ದೆ 2017ರಲ್ಲಿ ಆಯಿತು, ಜಾರಿಗೆ ಬಂದದ್ದು 2020ರಲ್ಲಿ. ಕಾಯ್ದೆ ಬೇಕು, ನಾನು ಅದರ ಪರ. ಆದರೆ 1976ರ ತಿದ್ದುಪಡಿ ಕಲಿಸಿದ ಪಾಠ ಮರೆಯಬಾರದು. ಪ್ರಶ್ನಿಸುವುದು ಕರ್ತವ್ಯ ಅಂತ ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ಪ್ರಶ್ನಿಸುವವರು ಸುರಕ್ಷಿತರಾಗಲ್ಲ.

ಮತ್ತೆ ಕುಂಬಳಕಾಯಿ ಕೇಳಬೇಕಾದ ಜಾಗಗಳು ಗುಡಿ ಮಠಗಳಷ್ಟೇ ಅಲ್ಲ. ನಮ್ಮ ಜಿಲ್ಲೆಯ ಕೆರೆಗಳಿಗೆ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಬಿಡ್ತಾರೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆ, ಚಿಕ್ಕದಾಗಿ ಎಚ್.ಎನ್. ವ್ಯಾಲಿ. ಹೆಸರು ಹೇಗೆ ಕೂಡಿ ಬಂತು ನೋಡಿ! ಬತ್ತಿದ್ದ ಕೆರೆ ತುಂಬಿದ್ದು ಕಣ್ಣಿಗೆ ಕಾಣುತ್ತೆ, ಬೋರ್‌ವೆಲ್‌ಗೆ ನೀರು ಬಂದರೆ ರೈತ ಖುಷಿಪಡ್ತಾನೆ, ಅದು ತಪ್ಪಲ್ಲ. ಮೂರನೇ ಹಂತದ ಶುದ್ಧೀಕರಣ ಮಾಡಿ ಅಂತ ಹೋರಾಟಗಾರರು ವರ್ಷಗಳಿಂದ ಕೇಳ್ತಿದ್ದಾರೆ. ಹಾಗೆ ಕೇಳಿದರೆ ನೀರು ಬೇಡವಾ ನಿಮಗೆ ಅನ್ನೋ ಮಾತು ಬರುತ್ತೆ. ಭಕ್ತರು ಎಚ್ಚೆನ್‌ಗೆ ಹೇಳಿದ ಮಾತಿನ ದನಿಯೇ ಇದು: ಕೊಟ್ಟಿದ್ದನ್ನು ತಗೊಳ್ಳಿ, ಪರೀಕ್ಷೆ ಯಾಕೆ? ಕೆರೆ ನೀರಿನ ಲ್ಯಾಬ್ ರಿಪೋರ್ಟು ಕೇಳೋದು ಇವತ್ತಿನ ಕುಂಬಳಕಾಯಿ. ಚುನಾವಣೆ ಭಾಷಣದ ಅಂಕಿಗೆ ಆಧಾರ ಕೇಳೋದೂ, ನಾವೇ ಮೆಚ್ಚಿದ ನಾಯಕನನ್ನು ಕೇಳೋದೂ ಅದೇ. ಕೊನೆಯದು ಎಲ್ಲಕ್ಕಿಂತ ಕಷ್ಟ, ಯಾಕಂದರೆ ಅಲ್ಲಿ ಸರದಿ ಪಟ್ಟಿ ಬರೆದಿರೋದು ನಮ್ಮದೇ ಕೈ.

ನನ್ನ ಕ್ಯಾಂಪೇನ್ ಇನ್ನೂ ಮುಗಿದಿಲ್ಲ. ಹೋದ ಶನಿವಾರ ಆಟಗಾರರು ಮಾಂತ್ರಿಕನ ಗುಡಿಗೆ ನುಗ್ಗಲಿಲ್ಲ. ಮೊದಲು ಊರಾಚೆ ಹೋಗಿ ಕಲ್ಲೇಟು ತಿಂದ ಹುಡುಗಿಯನ್ನು ಹುಡುಕಿ, ಗಾಯ ತೊಳೆದು, ಊಟ ಕೊಟ್ಟರು. ಆಮೇಲೆ ಲಾ ಓದುವ ಗೆಳತಿ ತನ್ನ ಪಾತ್ರದ ಬತ್ತಳಿಕೆಯ ದುಡ್ಡೆಲ್ಲ ಸುರಿದು ಆ ಊರಲ್ಲಿ ಒಂದು ಬಾವಿ ತೋಡಿಸೋಕೆ ಶುರು ಮಾಡಿದಳು. ಕತ್ತಿ ಬಿಚ್ಚದೆ, ಮಂತ್ರ ಹಾಕದೆ, ಇಡೀ ರಾತ್ರಿ ಬಾವಿ ತೋಡೋದಕ್ಕೇ ದಾಳ ಉರುಳಿದವು.

ಎಪ್ಪತ್ತು ಅಡಿಗೆ ನೀರು ಬಂದರೆ ಮಾಂತ್ರಿಕನ ಅರ್ಧ ಶಕ್ತಿ ಹೋಗುತ್ತೆ ಅಂತ ನಾನು ನನ್ನ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೀನಿ. ಅವರಿಗೆ ಹೇಳಿಲ್ಲ.